ರೋಗ ಬಾರದ ಆ ವರ್ಷ ಜೊತೆಗಿದ್ದವರಿಗೆ

ಮೊನ್ನೆ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ, ಬೆಂಕಿ ರೋಗ ಅನ್ನುವ ಶಿಲೀಂಧ್ರ ರೋಗಕ್ಕೆ ಬಗ್ಗದ ರಾಗಿ ತಳಿ ಹುಡುಕುವುದು ನನ್ನ ಕೆಲಸವಾಗಿತ್ತು. ಥೀಸಿಸ್‌ನಲ್ಲಿ ಕೃತಜ್ಞತೆ ಹೇಳಲು ಒಂದೇ ಪುಟ, ಅದೂ ಇಂಗ್ಲಿಷಿನಲ್ಲಿ. ನನಗೆ ಜಾಸ್ತಿ ನೆರವಾದವರು ಆ ಪುಟ ಓದಲಾರರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

2023ರ ಮುಂಗಾರಿನಿಂದಲೇ ಶುರು ಮಾಡಬೇಕು. ಆ ವರ್ಷ ಮಳೆ ಕೈಕೊಟ್ಟಿತು. ನಮ್ಮ ಪ್ಲಾಟಿಗೆ ನೀರು ಹಾಯಿಸಿ ಪೈರು ಉಳಿಸಿಕೊಂಡೆವು. ಆದರೆ ಬೆಂಕಿ ರೋಗ ಬರಬೇಕಾದರೆ ಮೋಡ ಬೇಕು, ಜಿಟಿಜಿಟಿ ಮಳೆ ಬೇಕು, ಎಲೆ ಮೇಲೆ ತೇವ ನಿಲ್ಲಬೇಕು. ಯಾವುದೂ ಇರಲಿಲ್ಲ. ರೋಗಕ್ಕೆ ಮೊದಲು ತುತ್ತಾಗಬೇಕಿದ್ದ ತಳಿಯೂ ಹಸಿರಾಗಿ ನಿಂತಿತು. ಯಾವುದು ಗಟ್ಟಿ, ಯಾವುದು ಅಲ್ಲ ಅಂತ ಹೇಗೆ ಹೇಳುವುದು? ಅಷ್ಟು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಒಳ್ಳೆಯ ಪೈರಿನ ಮುಂದೆ ಕೂತು ಅತ್ತೆ. ಅತ್ತ ಊರಿನಲ್ಲಿ ನಮ್ಮ ಬೋರ್‌ವೆಲ್ ಬತ್ತಿತ್ತು. ಇತ್ತ ಫೆಲೋಶಿಪ್ ಮುಗಿಯುತ್ತಾ ಬಂದಿತ್ತು. ಎಲ್ಲ ಬಿಟ್ಟು ಹೋಗೋಣ ಅಂತ ಬ್ಯಾಗ್ ತುಂಬಿಸಿದ್ದೆ.

ಗೈಡ್ ಮೇಡಂ ಅಂದು ಸಂಜೆ ಹಾಸ್ಟೆಲ್‌ಗೇ ಬಂದರು. "ಮಳೆ ನಂಬಿದ ಕೆಲಸ ಕಣಮ್ಮ ಇದು. ಮುಂದಿನ ಮುಂಗಾರಿಗೆ ಮತ್ತೆ ಬಿತ್ತೋಣ," ಅಂದರು. ಅಷ್ಟೇ. ಮೇಡಂ, ಆ ಬ್ಯಾಗ್ ಬಿಚ್ಚಿದ್ದು ನಿಮ್ಮಿಂದ. ಮರುವರ್ಷ ಮಳೆ ಬಂತು, ರೋಗವೂ ಬಂತು. ಎಲೆ ಮೇಲೆ ಮೊದಲ ಕದಿರಿನಾಕಾರದ ಚುಕ್ಕೆ ಕಂಡ ದಿನ ಓಡಿಬಂದು ನಿಮಗೇ ಹೇಳಿದೆ.

ಇನ್ನು ನಮ್ಮ ಹೊಲದ ಅಕ್ಕಂದಿರು. ರಾಗಿ ಹೂವು ಎಷ್ಟು ಚಿಕ್ಕದು ಅಂದರೆ ಕಣ್ಣಿಗೇ ಬೀಳುವುದಿಲ್ಲ. ಬೆಳಗಿನ ಜಾವ ಅರಳಿ, ತನ್ನಲ್ಲೇ ಪರಾಗಸ್ಪರ್ಶ ಮುಗಿಸಿಕೊಂಡುಬಿಡುತ್ತದೆ. ಎರಡು ತಳಿಯ ತೆನೆಗಳನ್ನು ಜೋಡಿಸಿ ಚೀಲ ಕಟ್ಟಿದರೂ ನಿಜವಾದ ಮಿಶ್ರ ಸಸಿ ಸಿಗುವುದು ಅಪರೂಪ. ಅದಕ್ಕೆ ಹಸಿರು ಗಿಡವನ್ನು ತಾಯಿ ಮಾಡಿ, ನೇರಳೆ ಬಣ್ಣದ್ದನ್ನು ತಂದೆ ಮಾಡುತ್ತೇವೆ. ಮುಂದಿನ ಪೈರಿನಲ್ಲಿ ಗೆಣ್ಣು ನೇರಳೆಯಾಗಿದ್ದರೆ ಮಿಶ್ರಣ ಕೂಡಿದೆ ಅಂತ ಅರ್ಥ. ಇದು ನಾನು ಓದಿ ಕಲಿತ ವಿಷಯ. ಸಾವಿರಾರು ಸಸಿಗಳ ನಡುವೆ ಅದನ್ನು ಹುಡುಕುವ ಕಣ್ಣು ಅವರದ್ದು. ನಾನು ಎರಡು ಸಲ ದಾಟಿ ಹೋದ ಸಾಲಿನಲ್ಲಿ "ನೋಡು ಮಗಾ, ಇದ್ರ ಗೆಣ್ಣು" ಅಂತ ಕೂಗಿ ತೋರಿಸಿದರು. ನನ್ನ ಕೆಲಸ ಮುಂದೆ ಸಾಗಿದ್ದು ಆ ಸಸಿಯಿಂದಲೇ.

ನಮಗಿಂತ ಹಿಂದಿನವರನ್ನೂ ನೆನೆಯಬೇಕು ಅಲ್ವಾ? 1899ರಲ್ಲಿ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟಿದ್ದರಿಂದ ಈ ಕಥೆ ಶುರು. ಅಲ್ಲಿ 1913ರಲ್ಲಿ ಕೃಷಿ ಶಾಲೆ ಬಂತು, 1946ರಲ್ಲಿ ಕಾಲೇಜು, 1964ರಲ್ಲಿ ವಿಶ್ವವಿದ್ಯಾಲಯ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ನಂಟು ಕಟ್ಟಿ ಇಂಡಾಫ್ ತಳಿಗಳನ್ನು ಕೊಟ್ಟರು. ನಮ್ಮ ಹೊಲದಲ್ಲಿ ಅಪ್ಪ ಬಿತ್ತುವುದು ಇದೇ ವಿಶ್ವವಿದ್ಯಾಲಯದ ರಾಗಿ ತಳಿ ಜಿಪಿಯು-28. ಅದರ ವಂಶದಲ್ಲಿ ಇಂಡಾಫ್-5, ಇಂಡಾಫ್-9 ಎರಡೂ ಇವೆ. ಚಿಕ್ಕವಳಿದ್ದಾಗಿನಿಂದ ಉಂಡ ಮುದ್ದೆಯೊಳಗೆ ಈ ವಿಶ್ವವಿದ್ಯಾಲಯ ಇತ್ತು ಅಂತ ನನಗೆ ಗೊತ್ತಾಗಿದ್ದು ಎಂಎಸ್ಸಿಗೆ ಬಂದ ಮೇಲೆ.

ರೈತರ ಮಕ್ಕಳ ಕೋಟಾದಲ್ಲಿ ಬಿಎಸ್ಸಿ ಸೀಟು ಸಿಕ್ಕದಿದ್ದರೆ ನಾನು ಇಲ್ಲಿಗೆ ಬರುತ್ತಲೇ ಇರಲಿಲ್ಲ. ಆ ಪ್ರಾಯೋಗಿಕ ಪರೀಕ್ಷೆಗೆ ಬೀಜಗಳನ್ನು ಮುಟ್ಟಿ ಗುರುತಿಸಲು ಕಲಿಸಿದ್ದು ಅಜ್ಜಿ. ರಾತ್ರಿಯೆಲ್ಲ ಕೂತು ಅಂಕಿಅಂಶದ ಲೆಕ್ಕ ಹೇಳಿಕೊಟ್ಟ ಸೀನಿಯರ್‌ಗಳಿಗೆ, ಪ್ರತಿ ಪೊಟ್ಟಣಕ್ಕೂ ನಂಬರ್ ತಪ್ಪದೆ ಬರೆದಿಟ್ಟ ಬೀಜದ ಕೋಣೆಯ ಅಣ್ಣನಿಗೆ, ತಡವಾಗಿ ಬಂದರೂ ಮುದ್ದೆ ಎತ್ತಿಟ್ಟ ಮೆಸ್ಸಿನವರಿಗೆ ನಮಸ್ಕಾರ. ಮದುವೆ ವಿಷಯ ಎತ್ತಿದವರನ್ನೆಲ್ಲ ಬಾಗಿಲಲ್ಲೇ ಕಳಿಸಿದ ಅಮ್ಮನಿಗೆ ಏನು ಹೇಳಲಿ? ನಾನು ಓದಿದ್ದು ಅವಳ ಧೈರ್ಯದಲ್ಲಿ.

ಥೀಸಿಸ್‌ನ ಒಂದು ಪ್ರತಿಯನ್ನು ಹೊಲದ ಶೆಡ್ಡಿನಲ್ಲೂ ಇಟ್ಟು ಬಂದಿದ್ದೇನೆ. ಅಕ್ಕಂದಿರೇ, ನೇರಳೆ ಗೆಣ್ಣಿನ ಫೋಟೋ ಇರುವ ಪುಟವನ್ನು ಮಡಚಿ ಗುರುತು ಮಾಡಿದ್ದೇನೆ. ಅದರಲ್ಲಿ ಸಸಿ ಹಿಡಿದಿರುವುದು ನಿಮ್ಮದೇ ಕೈ.