ದೊಡ್ಡಹಬ್ಬ ದೀಪಾವಳಿಗೆ ಮುಂಚೆ ಪುಟ್ಟಿಗೊಂದು ಕಾಗದ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ "ಹಬ್ಬ ಯಾಕಾದರೂ ಬರುತ್ತೋ ದೊಡ್ಡಮ್ಮ" ಅಂದೆಯಲ್ಲ, ಅದು ತಲೆಯಲ್ಲೇ ಕೂತಿದೆ. ಮನೆಗೆ ಹನ್ನೆರಡು ಜನ ನೆಂಟರು, ನಿನಗೆ ರಜೆ ಒಂದೇ ದಿನ, ಮೇಲೆ ಹೋಳಿಗೆ ಬೇರೆ. ಹಾಗನ್ನಿಸಿದ್ದು ತಪ್ಪೇನಲ್ಲ ಬಿಡು.

ನಾನೂ ಒಂದು ದೀಪಾವಳಿಯಲ್ಲಿ ಹಿತ್ತಿಲ ಕಟ್ಟೆ ಮೇಲೆ ಕೂತು ಅತ್ತವಳೇ. ಮದುವೆಯಾದ ಎರಡನೇ ವರ್ಷ. ಪಾಡ್ಯದ ಬೆಳಿಗ್ಗೆ ಚೀನಿಕಾಯಿ ಕಡುಬಿಗೆ ಉಪ್ಪು ಎರಡು ಸಲ ಬಿದ್ದಿತ್ತು. ನೆಂಟರೊಬ್ಬರು ಎಲೆ ಮುಂದೆ ಕೂತು ಏನೋ ಅಂದರು. ಏನು ಅಂತ ನೆನಪಿಲ್ಲ. ಸುಳ್ಳು, ಚೆನ್ನಾಗಿ ನೆನಪಿದೆ. ಕಣ್ಣೊರೆಸಿಕೊಂಡು ತೋಟದ ಕಡೆ ನಡೆದುಬಿಟ್ಟೆ.

ತೋಟದಾಚೆ ಒಬ್ಬರು ಅಜ್ಜಿ, ಮನೆಯಲ್ಲಿ ಒಬ್ಬರೇ. ಕೊಟ್ಟಿಗೆ ಮುಂದೆ ಹಸುವಿನ ಮೈಮೇಲೆ ಅಕ್ಕಿ ಅಳೆಯುವ ಸಿದ್ದೆಯಿಂದ ಕೆಮ್ಮಣ್ಣಿನ ಉಂಗುರ ಒತ್ತುತ್ತಿದ್ದರು. ಕೈ ನಡುಗಿ ಒಂದೂ ದುಂಡಗೆ ಬರುತ್ತಿರಲಿಲ್ಲ. ಹಸುವೂ ನಿಲ್ಲುತ್ತಿರಲಿಲ್ಲ. ನಾನು ಹಗ್ಗ ಹಿಡಿದೆ. ಆಮೇಲೆ ಸಿದ್ದೆಯನ್ನೂ ಇಸ್ಕೊಂಡೆ. ಒಂದು ಸಾಲು ಕೆಮ್ಮಣ್ಣು, ಒಂದು ಸಾಲು ಜೇಡಿ. ಅಡಿಕೆ, ಪಚ್ಚೆತೆನೆ, ಚೆಂಡುಹೂವಿನ ಹಾರ ಹಾಕಿದ್ದೇ ತಡ, ಹಸು ಪಕ್ಕದ ಕರುವಿನ ಕೊರಳ ಹಾರಕ್ಕೇ ಬಾಯಿ ಹಾಕಿತು. ಅಜ್ಜಿ ನಕ್ಕರು. ನನಗೂ ತಡೆಯಲಾಗಲಿಲ್ಲ. ಮನೆಗೆ ಬಂದಾಗ ಮೊಣಕೈವರೆಗೂ ಕೆಂಪು. ಪಾತ್ರೆ ರಾಶಿ ಹಾಗೇ ಬಿದ್ದಿತ್ತು. ಆದರೆ ಈಗ ಅದು ಬರೀ ಪಾತ್ರೆ ರಾಶಿ, ಅಷ್ಟೇ.

ನಿಮ್ಮ ಗೇಟಿನಲ್ಲಿ ರಾತ್ರಿ ಪಾಳಿಯವರು ಇರುತ್ತಾರಲ್ವಾ, ಹಬ್ಬಕ್ಕೂ ಊರಿಗೆ ಹೋಗಲಾಗದವರು? ಬಾಣಲೆಯಿಂದ ತೆಗೆದ ಮೊದಲ ವಡೆ ಅವರಿಗೆ ಕೊಡು. ಉಳಿದದ್ದಲ್ಲ, ಮೊದಲನೆಯದು. ಎರಡು ನಿಮಿಷ ನಿಂತು ಊರು ಯಾವುದು, ಮಕ್ಕಳೆಷ್ಟು ಅಂತ ಕೇಳು. ದಯವಿಟ್ಟು ಫೋಟೋ ತೆಗೆಯಬೇಡ. ಹಾಗಂತ ಆಶ್ರಮ, ಆಸ್ಪತ್ರೆ ಅಂತ ಪಟ್ಟಿ ಮಾಡಿಕೊಂಡು ಓಡಾಡಬೇಡ, ಮತ್ತೆ ಅದೇ ತಲೆಬಿಸಿ. ಒಬ್ಬರು ಸಾಕು. ನಿನ್ನ ಅತ್ತೆಯೂ ಎಷ್ಟು ಹಬ್ಬ ಒಲೆ ಮುಂದೆಯೇ ಕಳೆದರೋ, ಈ ಸಲ ಅವರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ ಬಡಿಸು. ಹೋಳಿಗೆ ಅಂಗಡಿಯಿಂದ ತಾ. ಯಾರಾದರೂ ಕೊಂಕು ಆಡಿದರೆ ದೊಡ್ಡಮ್ಮ ಹೇಳಿದ್ದು ಅನ್ನು.

ಇಲ್ಲಿ ಅಂಟಿಗೆ-ಪಂಟಿಗೆಯವರು ಈ ಸಲವೂ ಬರುತ್ತಾರೆ. ನಡುರಾತ್ರಿ ಬಾಗಿಲಲ್ಲಿ ಪದ ಹೇಳುತ್ತಾ ನಿಂತರೆ ನಿದ್ದೆಗಣ್ಣಲ್ಲೇ ಎದ್ದು ಬಾಗಿಲು ತೆಗೆಯೋದು. ಅವರು ಹೊತ್ತು ತಂದ ದೀಪ ಆರಬಾರದು, ಅದಕ್ಕೆ ನಾವು ಎಣ್ಣೆ ಹಾಕಬೇಕು. ಆ ದೀಪದಿಂದಲೇ ನಮ್ಮನೆ ದೀಪ ಹಚ್ಚಿಕೊಳ್ಳೋದು. ಊರಿಂದೂರಿಗೆ ಅದು ಹೀಗೇ ಮನೆಮನೆಯ ಎಣ್ಣೆಯಲ್ಲಿ ಉರಿಯುತ್ತಾ ಹೋಗುತ್ತದೆ. ಚಿಕ್ಕವಳಿದ್ದಾಗ ನೀನು ಕಂಬಳಿ ಹೊದ್ದು ಜಗಲಿಯಲ್ಲೇ ಕಾಯುತ್ತಿದ್ದೆ, ಅವರು ಬರುವಷ್ಟರಲ್ಲಿ ಗೊರಕೆ.

ನೆಂಟರು ಹೊರಟ ಮೇಲೆ ಬಸ್ ಹತ್ತಿ ಬಾ. ಸ್ವೀಟ್ ಬಾಕ್ಸ್ ತರಬೇಡ, ಇಲ್ಲಿ ತಿನ್ನುವವರಿಲ್ಲ. ಒಂದು ಬಾಟಲಿ ಎಳ್ಳೆಣ್ಣೆ ತಾ.

ನಿನ್ನ ದೊಡ್ಡಮ್ಮ