ಊರಲ್ಲಿಲ್ಲದವನ ಪಾಲು

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರತ್ತೆ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ನಿನ್ನ ಕಾಗದ ಓದಿ ಮನಸ್ಸಿಗೆ ಬೇಜಾರಾಯಿತು. ದೊಡ್ಡಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಆಗಲೇ ಅವರ ಮಗನ ಪಾಲಿನ ತೋಟವನ್ನು ನಿನ್ನ ಹೆಸರಿಗೆ ಮಾಡಿಸಿಕೊಳ್ಳುವ ಯೋಚನೆ ನಿನಗೆ. "ಅವನು ಊರಲ್ಲೇ ಇಲ್ಲ, ಕೇಳೋರು ಯಾರು?" ಅಂತ ಬರೆದಿದ್ದೀಯ. ಮಕ್ಕಳಿಗೆ ಚರಿತ್ರೆ ಪಾಠ ಹೇಳಿದವಳಲ್ವಾ ನಾನು, ಆ ಸಾಲು ಓದಿದಾಗ ಇಂಗ್ಲೆಂಡಿನ ಎರಡನೇ ರಿಚರ್ಡ್ ನೆನಪಾದ.

ಅವನು ಹೇಡಿಯಲ್ಲ. ಹತ್ತು ವರ್ಷಕ್ಕೇ ಪಟ್ಟಕ್ಕೆ ಬಂದವನು. 1381ರಲ್ಲಿ ರೈತರು ದಂಗೆ ಎದ್ದು ಲಂಡನ್ನಿಗೆ ನುಗ್ಗಿದಾಗ ಅವನಿಗೆ ಹದಿನಾಲ್ಕು ವರ್ಷ. ಸ್ಮಿತ್‌ಫೀಲ್ಡ್ ಬಯಲಲ್ಲಿ ಅವರ ನಾಯಕ ವಾಟ್ ಟೈಲರ್‌ನನ್ನು ಕಡಿದು ಹಾಕಿದಾಗ, ಸಿಟ್ಟಿಗೆದ್ದ ಆ ಗುಂಪಿನ ಎದುರಿಗೇ ಕುದುರೆ ನಡೆಸಿಕೊಂಡು ಹೋದ ಹುಡುಗ. ಆದರೆ ಆ ರೈತರಿಗೆ ಬರೆದುಕೊಟ್ಟ ಮಾತನ್ನು ಆಮೇಲೆ ರದ್ದು ಮಾಡಿದ. ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ಅವನಿಗೆ ದೊಡ್ಡದೇ ಆಗಿರಲಿಲ್ಲ.

ಅವನ ಚಿಕ್ಕಪ್ಪ ಜಾನ್ ಆಫ್ ಗಾಂಟ್, ದೇಶದಲ್ಲೇ ದೊಡ್ಡ ಜಮೀನ್ದಾರ. ಚಿಕ್ಕಪ್ಪನ ಮಗ ಹೆನ್ರಿ ರಿಚರ್ಡನ ಓರಗೆಯವನು. 1398ರಲ್ಲಿ ಒಂದು ಜಗಳದ ನೆಪ ಮಾಡಿ ರಿಚರ್ಡ್ ಹೆನ್ರಿಯನ್ನು ಗಡೀಪಾರು ಮಾಡಿದ. ಆದರೂ, ತಂದೆ ಸತ್ತರೆ ಆಸ್ತಿಯನ್ನು ನಿನ್ನ ಪರವಾಗಿ ವಕೀಲರು ವಹಿಸಿಕೊಳ್ಳಬಹುದು ಅಂತ ರಾಜನೇ ಪತ್ರ ಕೊಟ್ಟಿದ್ದ. 1399ರ ಫೆಬ್ರವರಿಯಲ್ಲಿ ಚಿಕ್ಕಪ್ಪ ಹೋದರು. ಮಾರ್ಚ್‌ನಲ್ಲಿ ಆ ಪತ್ರ ರದ್ದಾಯಿತು, ಚಿಕ್ಕಪ್ಪನ ಲ್ಯಾಂಕಾಸ್ಟರ್ ಮನೆತನದ ಆಸ್ತಿಯೆಲ್ಲ ರಾಜನ ಕೈಗೆ ಬಂತು. ಹೆನ್ರಿ ಬದುಕಿರುವ ತನಕ ಊರಿಗೆ ಕಾಲಿಡಬಾರದು ಅಂತಲೂ ಆಯಿತು.

ಪುಟ್ಟಾ, ಇಲ್ಲಿ ಸ್ವಲ್ಪ ನಿಂತು ಯೋಚಿಸು. ಹೆನ್ರಿಯನ್ನು ಕಂಡರೆ ಆಗದ ಪ್ರಭುಗಳೂ ಎಷ್ಟೋ ಜನ ಇದ್ದಿರಬೇಕು. ಆದರೆ ಅಷ್ಟು ದೊಡ್ಡ ಮನೆತನದ ಆಸ್ತಿಗೇ ಗ್ಯಾರಂಟಿ ಇಲ್ಲದ ಮೇಲೆ ಇವತ್ತು ಅವನಿಗೆ, ನಾಳೆ ನಮಗೆ ಅನ್ನುವ ಭಯ ಎಲ್ಲರ ಎದೆಗೂ ಹೊಕ್ಕಿತು. ಇದು ರಿಚರ್ಡನಿಗೆ ಗೊತ್ತೇ ಆಗಲಿಲ್ಲ. ಸೈನ್ಯ ಕಟ್ಟಿಕೊಂಡು ಐರ್ಲೆಂಡಿಗೆ ಹೋದ.

ಜುಲೈನಲ್ಲಿ ಹೆನ್ರಿ ಬೆರಳೆಣಿಕೆಯ ಜನರ ಜೊತೆ ಇಂಗ್ಲೆಂಡಿನ ಕರಾವಳಿಯ ರೇವನ್‌ಸ್ಪರ್‌ನಲ್ಲಿ ಹಡಗಿಳಿದ. ನನ್ನ ತಂದೆಯ ಆಸ್ತಿ ನನಗೆ ಕೊಟ್ಟರೆ ಸಾಕು ಅಂದ. ಉತ್ತರದ ಪರ್ಸಿ ಮನೆತನ ಅವನ ಕಡೆ ಸೇರಿತು. ರಾಜ್ಯ ನೋಡಿಕೋ ಅಂತ ರಿಚರ್ಡ್ ಬಿಟ್ಟುಹೋಗಿದ್ದ ಇನ್ನೊಬ್ಬ ಚಿಕ್ಕಪ್ಪ, ಯಾರ್ಕ್‌ನ ಡ್ಯೂಕ್, ಅವನೂ ಸೇರಿದ. ರಾಜ ವಾಪಸ್ ಬರುವಷ್ಟರಲ್ಲಿ ಸೈನ್ಯವೇ ಕರಗಿತ್ತು. ವೇಲ್ಸ್‌ನ ಫ್ಲಿಂಟ್ ಕೋಟೆಯಲ್ಲಿ ಹೆನ್ರಿಗೆ ಶರಣಾದ. ಸೆಪ್ಟೆಂಬರ್ ಕೊನೆಗೆ ಲಂಡನ್ ಟವರ್‌ನಲ್ಲಿ ಸೆರೆಯಾಳಾಗಿ ಪಟ್ಟ ಬಿಟ್ಟ. ಆರೋಪಗಳ ಪಟ್ಟಿ ಓದಿ ಅವನನ್ನು ಇಳಿಸಿದ್ದು ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ. ಅದರ ದೊಡ್ಡ ಮರದ ಚಾವಣಿ ಕಟ್ಟಿಸಿದವನು ಅವನೇ, ಪಾಪ. ಮುಂದಿನ ವರ್ಷದ ಶುರುವಿನಲ್ಲೇ ಪಾಂಟಿಫ್ರ್ಯಾಕ್ಟ್ ಕೋಟೆಯಲ್ಲಿ ಸತ್ತ. ಮೂವತ್ತಮೂರು ವಯಸ್ಸು.

ನಿನ್ನ ಚಿಕ್ಕಪ್ಪಂದಿರು ಈಗ ಸುಮ್ನೆ ಇದ್ದಾರೆ. ಅವರೂ ಪಾಲುದಾರರೇ, ನೋಡುತ್ತಾ ಇದ್ದಾರೆ.

ಈ ಭಾನುವಾರ ಅಣ್ಣನಿಗೆ ಫೋನ್ ಮಾಡು. ಪಹಣಿಯ ಫೋಟೋ ತೆಗೆದು ಅವನಿಗೆ ಕಳಿಸು. ಅವನು ಬರುವ ತನಕ ಅವನ ಪಾಲಿನ ಅಡಿಕೆ ಲೆಕ್ಕ ಬೇರೆ ಪುಸ್ತಕದಲ್ಲಿ ಬರೆದಿಡು. ತೋಟ ನೋಡಿಕೊಂಡ ಖರ್ಚು ಎಷ್ಟಾಯಿತೋ ಅದನ್ನೂ ಬರಿ, ನಾಚಿಕೆ ಬೇಡ. ಅದು ನಿನಗೆ ಬರಬೇಕಾದ್ದೇ.

ಇತಿ ನಿನ್ನ ಅತ್ತೆ