ಹೆಸರಿಲ್ಲದ ಬಾಟಲಿಯ ಆಸಿಡ್: ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ಮನೆಮನೆಯ ಬಚ್ಚಲಲ್ಲೂ ಕಾಣುವ ಒಂದು ಸರಕಿಗೆ ಇವತ್ತಿಗೂ ಕಂಪನಿಯ ಹೆಸರಿಲ್ಲ. ಸೈಕಲ್ಲಿನಲ್ಲೋ ಆಟೊದಲ್ಲೋ ‘ಆಸಿಡ್, ಫಿನಾಯಿಲ್, ಬ್ಲೀಚಿಂಗ್’ ಎಂದು ಕೂಗುತ್ತ ಬೀದಿಗೆ ಬರುತ್ತದೆ. ಯಾರೋ ಕುಡಿದು ಎಸೆದ ನೀರಿನ ಬಾಟಲಿಯೇ ಅದರ ಪ್ಯಾಕಿಂಗ್, ಒಳಗೆ ತಿಳಿಹಳದಿ ದ್ರವ. ತಯಾರಿಸಿದವರು ಯಾರು, ಯಾವ ತಿಂಗಳು, ಗರಿಷ್ಠ ಬೆಲೆ ಎಷ್ಟು ಎಂಬುದನ್ನು ಪೊಟ್ಟಣದ ಮೇಲೆ ಬರೆಯಬೇಕೆಂದು 2011ರ ನಿಯಮ ಹೇಳುತ್ತದೆ. ಬಿಸ್ಕತ್ತು ಪಾಲಿಸುವ ಆ ನಿಯಮವನ್ನು ಆಸಿಡ್ ಪಾಲಿಸುತ್ತಿಲ್ಲ.

ಇದನ್ನು ನಿಷೇಧಿಸಿ ಎಂದು ನಾವು ಕೇಳುತ್ತಿಲ್ಲ. ಬೋರ್‌ವೆಲ್ಲಿನ ಗಡಸು ನೀರು ಟೈಲ್ಸ್ ಮೇಲೆ, ಕಮೋಡಿನೊಳಗೆ ಬಿಳಿ ಕರೆ ಕಟ್ಟುತ್ತದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್, ಸೋಪಿಗೆ ಜಗ್ಗುವುದಿಲ್ಲ, ಹುಳಿಗೆ ಮಾತ್ರ ಕರಗುತ್ತದೆ. ಹಾಗಾಗಿ ಜನ ಆಸಿಡ್ ಕೊಳ್ಳುತ್ತಾರೆ, ಕೊಳ್ಳುತ್ತಲೇ ಇರುತ್ತಾರೆ. ನಮ್ಮ ತಕರಾರು ಅದರ ಗಾಢತೆಯ ಬಗ್ಗೆ ಮತ್ತು ಅದು ಬ್ಲೀಚಿಂಗ್ ಪೌಡರಿನ ಜೊತೆ ಸೇರುವುದರ ಬಗ್ಗೆ.

ಗಾಢತೆಯ ಮಾತು ಮೊದಲು. ಬ್ರ್ಯಾಂಡಿನ ಟಾಯ್ಲೆಟ್ ಕ್ಲೀನರುಗಳಲ್ಲಿ ಹೈಡ್ರೊಕ್ಲೋರಿಕ್ ಆಮ್ಲ ಸುಮಾರು 10 ಶೇಕಡಾ ಇರುತ್ತದೆ. ಕಾರ್ಖಾನೆಯ ಡ್ರಮ್ಮಿನಿಂದ ನೇರವಾಗಿ ಬಾಟಲಿಗೆ ಸುರಿದದ್ದು 30 ಶೇಕಡಾ ತನಕ ಇರಬಹುದು. ಪತ್ತೆಗೆ ಪ್ರಯೋಗಾಲಯ ಬೇಡ, ತಕ್ಕಡಿ ಸಾಕು. ಒಂದು ಲೀಟರ್ ದ್ರವ 1 ಕಿಲೊ 50 ಗ್ರಾಂ ಆಸುಪಾಸು ತೂಗಿದರೆ ಅದು ಸುಮಾರು 10 ಶೇಕಡಾ. 1 ಕಿಲೊ 100 ಗ್ರಾಂ ಬಂದರೆ 20. 1 ಕಿಲೊ 150 ಗ್ರಾಂ ಬಂದರೆ 30. ಮುಚ್ಚಳ ತೆಗೆದೊಡನೆ ಬಿಳಿ ಹೊಗೆ ಎದ್ದರೆ ತೂಗುವ ಮೊದಲೇ ಗಾಢ ಸರಕೆಂದು ಊಹಿಸಬಹುದು. ಅಂಗಡಿಗಳ ತೂಕ, ಅಳತೆ ಪರೀಕ್ಷಿಸುವ ಕಾನೂನು ಮಾಪನಶಾಸ್ತ್ರ ಇಲಾಖೆಯ ಸಿಬ್ಬಂದಿಗೆ ತಕ್ಕಡಿ ಹೊಸದಲ್ಲ. 30 ಶೇಕಡಾದ ಒಂದು ಲೀಟರನ್ನು 10ಕ್ಕೆ ಇಳಿಸಲು ಬೇಕಾದದ್ದು ಸುಮಾರು ಎರಡೂಕಾಲು ಲೀಟರ್ ನೀರು. ಆ ಕೆಲಸ ತಯಾರಿಕೆಯ ಜಾಗದಲ್ಲೇ ಆಗಬೇಕು, ನೀರಿಗೆ ಆಸಿಡ್ ಸುರಿಯಬೇಕೇ ಹೊರತು ಆಸಿಡ್‌ಗೆ ನೀರಲ್ಲ. ಅಡುಗೆಮನೆಯ ಬಕೆಟ್ಟಿನಲ್ಲಿ ಮಾಡುವ ಕೆಲಸ ಇದಲ್ಲ.

ಗಾಢ ಆಸಿಡ್ ಕರೆಯ ಜೊತೆಗೆ ಟೈಲ್ಸ್ ಸಂದಿನ ಸಿಮೆಂಟನ್ನೂ ತಿನ್ನುತ್ತದೆ, ನಲ್ಲಿಯ ಹೊಳಪನ್ನೂ ಕಳೆಯುತ್ತದೆ. ಶಹಾಬಾದ್ ಕಲ್ಲು, ಕಡಪ ಕಲ್ಲು ಎರಡೂ ಸುಣ್ಣದ ಜಾತಿಯವು. ಅವುಗಳ ಮೇಲೆ ಬಿದ್ದರೆ ಬುಸ್ಸೆಂದು ನೊರೆ ಬರುತ್ತದೆ. ‘ಕೊಳೆ ಹೋಗ್ತಿದೆ’ ಎಂದು ಜನ ಸಂತೋಷಪಡುತ್ತಾರೆ, ಹೋಗುತ್ತಿರುವುದು ನೆಲ.

ಇನ್ನು ಬ್ಲೀಚಿಂಗ್ ಪೌಡರು. ಒಳ್ಳೆಯ ಹೊಸ ಪುಡಿಯಲ್ಲಿ ತೂಕದ ಮೂರನೇ ಒಂದು ಪಾಲಿನಷ್ಟು ‘ಲಭ್ಯ ಕ್ಲೋರಿನ್’, ಅಂದರೆ ಕ್ರಿಮಿ ಕೊಲ್ಲಲು ಒದಗುವ ಕ್ಲೋರಿನ್, ಇರುತ್ತದೆ. ಚೀಲ ತೆರೆದಿಟ್ಟರೆ ಗಾಳಿ, ತೇವ, ಬಿಸಿಲು ಸೇರಿ ಅದನ್ನು ವಾರವಾರವೂ ಇಳಿಸುತ್ತವೆ, ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಸುಣ್ಣ. (ಮಂತ್ರಿಗಳು ಬರುವ ಹಿಂದಿನ ದಿನ ರಸ್ತೆಯಂಚಿಗೆ ಎಳೆಯುವ ಬಿಳಿ ಗೆರೆ ಕಣ್ಣಿಗೆ ಚೆಂದ, ಒಣ ಪುಡಿ ಒಣ ಮಣ್ಣಿನ ಮೇಲೆ ಬಿದ್ದರೆ ಕ್ರಿಮಿಗಳಿಗೆ ಹೆಚ್ಚೇನೂ ಆಗುವುದಿಲ್ಲ.) ಅಪಾಯ ಹುಟ್ಟುವುದು ಇಲ್ಲೇ. ಹಳೆ ಪುಡಿ ಹಾಕಿ ಉಜ್ಜಿದರೂ ಕರೆ ಹೋಗಲಿಲ್ಲ, ‘ಪವರ್ ಬರಲಿ’ ಎಂದು ಮೇಲೆ ಆಸಿಡ್ ಸುರಿಯುತ್ತಾರೆ. ಇಲ್ಲವೇ ಆಸಿಡ್ ತೊಳೆಯುವ ಮೊದಲೇ ವಾಸನೆಗೆಂದು ಪುಡಿ ಎರಚುತ್ತಾರೆ. ಎರಡೂ ಕೂಡಿದರೆ ಪುಡಿಯೊಳಗಿನ ಕ್ಲೋರಿನ್ ಅನಿಲವಾಗಿ ಹೊರಬರುತ್ತದೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ ಬಳಿ ಯುದ್ಧಭೂಮಿಯಲ್ಲಿ ಬಿಟ್ಟ ಅನಿಲ ಇದೇ.

ಲೆಕ್ಕ ನೋಡಿ. ನಾಲ್ಕು ಅಡಿ ಅಗಲ, ನಾಲ್ಕು ಅಡಿ ಉದ್ದ, ಎಂಟು ಅಡಿ ಎತ್ತರದ ಪಾಯಖಾನೆಯಲ್ಲಿ ಸುಮಾರು 3,600 ಲೀಟರ್ ಗಾಳಿ. ಒಂದು ಟೀ ಚಮಚ, ಅಂದರೆ 5 ಗ್ರಾಂ ಒಳ್ಳೆಯ ಪುಡಿಗೆ ಸಾಕಷ್ಟು ಆಸಿಡ್ ಸೇರಿದರೆ ಅರ್ಧ ಲೀಟರಿಗಿಂತ ಹೆಚ್ಚು ಕ್ಲೋರಿನ್ ಅನಿಲ ಬರಬಹುದು. ಅದು ಹತ್ತು ಲಕ್ಷ ಭಾಗ ಗಾಳಿಗೆ 150ಕ್ಕೂ ಹೆಚ್ಚು ಭಾಗ. ಜೀವಕ್ಕೆ ತಕ್ಷಣ ಅಪಾಯವೆಂದು ಔದ್ಯೋಗಿಕ ಸುರಕ್ಷತೆಯಲ್ಲಿ ಹಿಡಿಯುವ ಮಟ್ಟ 10 ಭಾಗ. ಹತ್ತರಲ್ಲೊಂದು ಪಾಲು ಹೊರಬಂದರೂ ಮಿತಿ ದಾಟಿತು. ಈ ಅನಿಲ ಗಾಳಿಗಿಂತ ಎರಡೂವರೆ ಪಟ್ಟು ಭಾರ, ನೆಲದ ಬಳಿ ತಂಗುತ್ತದೆ. ಕುಕ್ಕರಗಾಲಿನಲ್ಲಿ ಕೂತು ಉಜ್ಜುವವರ ಮೂಗು ಇರುವುದೂ ಅಲ್ಲೇ. ಕೆಮ್ಮು ನಿಂತಿತೆಂದು ಸುಮ್ಮನಾಗುವಂತಿಲ್ಲ, ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆ ತಡವಾಗಿಯೂ ಶುರುವಾಗಬಹುದು.

ನಿಂಬೆಹಣ್ಣು, ವಿನಿಗರ್ ‘ನೈಸರ್ಗಿಕ’ ಎಂದು ಬ್ಲೀಚಿಂಗ್ ಜೊತೆ ಬೆರೆಸುವುದೂ ತಪ್ಪು. ಹುಳಿ ಯಾವುದಾದರೂ ಪರಿಣಾಮ ಅದೇ ದಿಕ್ಕಿನದು. ಕರೆಗೆ ಸಿಟ್ರಿಕ್ ಆಮ್ಲದ ಪುಡಿ ಸಾಕು: ಲೀಟರ್ ಬೆಚ್ಚನೆ ನೀರಿಗೆ 50 ಗ್ರಾಂ, ಹಚ್ಚಿ ಅರ್ಧ ಗಂಟೆ ಬಿಟ್ಟು, ಬ್ರಷ್ಷಿನಲ್ಲಿ ಉಜ್ಜಿ, ಧಾರಾಳ ನೀರಿನಲ್ಲಿ ತೊಳೆಯುವುದು. ಸುಣ್ಣಗಲ್ಲಿನ ನೆಲಕ್ಕೆ ಇದೂ ಬೇಡ. ಕ್ರಿಮಿನಾಶಕ್ಕೆ ಬ್ಲೀಚಿಂಗ್ ಬೇಕಿದ್ದರೆ ಬೇರೆ ದಿನ, ಬೇರೆ ಬಕೆಟ್: ಲೀಟರಿಗೆ 15 ಗ್ರಾಂ ಹೊಸ ಪುಡಿ, ಮೊದಲು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಉಳಿದ ನೀರು ಸೇರಿಸಿ, ತಿಳಿ ಬಸಿದು ಬಳಸಬೇಕು. ಗಷ್ಟು ಚೆಲ್ಲಿದರೆ ಪೈಪು ಕಟ್ಟುತ್ತದೆ.

ಚರಂಡಿಯಲ್ಲಿ ಕೆಲಸ ಮಾಡುವ ಪೌರಕಾರ್ಮಿಕರಿಗೆ ಬೇರೊಂದು ಕಂಟಕವಿದೆ. ಕೊಳೆತ ಕಪ್ಪು ಹೂಳಿನಲ್ಲಿ ಸಲ್ಫೈಡ್ ಇರುತ್ತದೆ, ಕಟ್ಟಿದ ಪೈಪು ಬಿಡಿಸಲು ಅದರ ಮೇಲೆ ಆಸಿಡ್ ಸುರಿದರೆ ಹೈಡ್ರೊಜನ್ ಸಲ್ಫೈಡ್ ಏಳುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ, ಗಾಢವಾದರೆ ಮೂಗೇ ಮರಗಟ್ಟಿ ವಾಸನೆ ತಿಳಿಯುವುದಿಲ್ಲ. ವಾಸನೆ ಹೋಯಿತೆಂದರೆ ಅನಿಲ ಹೋಯಿತೆಂದಲ್ಲ.

ಹೊಸ ಕಾನೂನು ಬೇಕಿಲ್ಲ. 2013ರ ಜುಲೈ 18ರ ಸುಪ್ರೀಂ ಕೋರ್ಟ್ ಆದೇಶದಂತೆ ಚಿಲ್ಲರೆ ಆಸಿಡ್ ಮಾರುವವರು ಕೊಂಡವರ ಹೆಸರು, ವಿಳಾಸ, ಪ್ರಮಾಣ ಬರೆದಿಡಬೇಕು, ಫೋಟೊ ಇರುವ ಸರ್ಕಾರಿ ಗುರುತಿನ ಚೀಟಿ ನೋಡಬೇಕು, 18 ತುಂಬದವರಿಗೆ ಕೊಡಬಾರದು. ದಾಸ್ತಾನನ್ನು ಉಪವಿಭಾಗ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು, ತಪ್ಪಿದರೆ 50,000 ರೂಪಾಯಿ ತನಕ ದಂಡ. ಆಸಿಡ್ ಇಟ್ಟುಕೊಳ್ಳುವ ಸರ್ಕಾರಿ ಇಲಾಖೆ, ಆಸ್ಪತ್ರೆ, ಶಾಲಾ ಕಾಲೇಜುಗಳೂ ಲೆಕ್ಕದ ಪುಸ್ತಕ ಇಟ್ಟು ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಬೇಕೆಂದು ಅದೇ ಆದೇಶ ಹೇಳುತ್ತದೆ. ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಎಷ್ಟು ದಾಸ್ತಾನು ಘೋಷಣೆಗಳಿವೆ ಎಂದು ಒಮ್ಮೆ ಕೇಳಿ ನೋಡಿ.

ಹಾಗೆಯೇ ನಗರಸಭೆ, ಪಂಚಾಯಿತಿಗಳ ಉಗ್ರಾಣದಲ್ಲಿ ಆಸಿಡ್ ಮತ್ತು ಬ್ಲೀಚಿಂಗ್ ಬೇರೆ ಬೇರೆ ಕೋಣೆಯಲ್ಲಿರಲಿ. ಚೀಲ ಒಡೆದ ದಿನಾಂಕ ಅದರ ಮೇಲೆಯೇ ಬರೆದಿರಲಿ, ಪುಡಿಯ ಕ್ಲೋರಿನ್ ಪ್ರಮಾಣ ಪರೀಕ್ಷಿಸದೆ ಬಿಲ್ ಪಾಸಾಗದಿರಲಿ. ಕುಡಿಯುವ ನೀರಿನ ಬಾಟಲಿಯಲ್ಲಿ ಆಸಿಡ್ ತುಂಬುವುದು ಮೊದಲು ನಿಲ್ಲಬೇಕು, ಫ್ರಿಜ್ಜಿನ ಪಕ್ಕ ಇಟ್ಟ ಅಂಥ ಬಾಟಲಿಯನ್ನು ಮಗು ನೀರೆಂದೇ ಎತ್ತಿಕೊಳ್ಳುತ್ತದೆ. ಪ್ರತಿ ಬಾಟಲಿಗೆ ಕೈಯಗಲದ ಕನ್ನಡದ ಚೀಟಿ ಅಂಟಿರಲಿ. ಕರಡು ಕೆಳಗಿದೆ, ತಿದ್ದಿಕೊಳ್ಳಬಹುದು:

‘ಆಸಿಡ್. ಬ್ಲೀಚಿಂಗ್ ಪೌಡರಿನ ಜೊತೆ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಕೆಮ್ಮು ಬಂದರೆ ಬಾಗಿಲು ತೆರೆದು ಹೊರಗೆ ಓಡಿ, ತೊಳೆಯಲು ಒಳಗೆ ಹೋಗಬೇಡಿ. ಕಣ್ಣಿಗೆ ಬಿದ್ದರೆ 20 ನಿಮಿಷ ನೀರು ಹಾಯಿಸಿ. ಕುಡಿದಿದ್ದರೆ ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ.’

ಇತಿ,
ಜಿಲ್ಲೆಯ ಕೆಲವು ರಸಾಯನಶಾಸ್ತ್ರ ಅಧ್ಯಾಪಕರು